ಬಾಯಿ ಬಿಡದ ಹವಳ

ಎಲ್ಲ ಅನಾಹುತಕ್ಕೂ ಕಾರಣ ಒಂದು ಒರೆಸುವ ಬಟ್ಟೆ. ಅದೂ ಹೊಸ ಬಟ್ಟೆ.

ಭಾನುವಾರ ಸಂಜೆ ಡಾಕ್ಟರು ಬಂದು ತಮ್ಮ ಮೀನಿನ ಟ್ಯಾಂಕನ್ನು ವಾಪಸ್ ತೆಗೆದುಕೊಂಡು ಹೋಗುವವರಿದ್ದರು. ಒಪ್ಪಿಸುವಾಗ ಗಾಜು ಫಳಫಳ ಹೊಳೆಯಲಿ ಎಂದು ಬಾಯ್ಬಿಡಪ್ಪ ಶನಿವಾರವೇ ಅದನ್ನು ಹೊರಗಡೆ ಒರೆಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ತೋಳು ಮಡಚಿ ಕೈಯಿಳಿಸಿ ಒಳಗಡೆಯೂ ಒರೆಸಿದ. ಒರೆಸುವಾಗ ಗಾಜಿಗೆ ಅಂಟಿಕೊಂಡಿದ್ದ ಮುಷ್ಟಿಗಾತ್ರದ ಪಂಪು ಒಂಚೂರು ಜರುಗಿತು. ಒಂದು ಬೆರಳಿನಷ್ಟು. ಎಡಕ್ಕೋ ಬಲಕ್ಕೋ ಅವನು ನೋಡಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ನೋಡಿದರೆ ಹವಳ ಮುಚ್ಚಿಕೊಂಡು ಕೂತಿತ್ತು.

ಅವನ ನಿಜವಾದ ಹೆಸರು ಬೇರೆ ಇದೆ. ಆದರೆ ಅದು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಅವನು ಹಲ್ಲಿನ ಡಾಕ್ಟರ ಸಹಾಯಕ. ಕುರ್ಚಿಯಲ್ಲಿ ಕೂತವರು ಡ್ರಿಲ್ಲಿನ ಸದ್ದು ಕೇಳಿ ದವಡೆ ಬಿಗಿದಾಗ ಡಾಕ್ಟರು ಇವನ ಕಡೆ ನೋಡುತ್ತಾರೆ. ಇವನು ಬಗ್ಗಿ, ಕಿವಿಯ ಹತ್ತಿರ, "ಬಾಯಿ ಬಿಡಪ್ಪಾ... ಏನೂ ಆಗಲ್ಲ... ಸ್ವಲ್ಪ ಬಿಡಪ್ಪಾ" ಎನ್ನುತ್ತಾನೆ. ಆ ದನಿಗೆ ಎಂಥ ಹಠಮಾರಿ ಬಾಯಿಯೂ ತೆರೆದುಕೊಳ್ಳುತ್ತದೆ. ಅವನಿದ್ದ ಕಟ್ಟಡದ ಅರ್ಧ ಜನ ಆ ಕುರ್ಚಿಯಲ್ಲಿ ಕೂತು ಎದ್ದವರೇ. ಹೆಸರು ಹಾಗೆ ಬಂತು, ಹಾಗೇ ನಿಂತಿತು.

ಕ್ಲಿನಿಕ್ಕಿಗೆ ಬಣ್ಣ ಹೊಡೆಸುವಾಗ ವಾಸನೆ ತಾಗಬಾರದೆಂದು ಡಾಕ್ಟರು ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡು ಸಮೇತ ಇವನ ಮನೆಗೆ ಕಳಿಸಿದ್ದರು. ಒಳಗೆ ಬಿಳಿ ಮರಳು, ಒಂದಿಷ್ಟು ಕಲ್ಲು, ಸೊಟ್ಟಮೂತಿಯ ಒಂದು ಕಿತ್ತಳೆ ಬಣ್ಣದ ಮೀನು, ಮತ್ತೆ ಡಾಕ್ಟರ ಪ್ರಾಣವಾಗಿದ್ದ ಹವಳ. ಸರಕ್ಕೆ ಪೋಣಿಸುವ ಕೆಂಪು ಹವಳವಲ್ಲ, ಜೀವ ಇರುವಂಥದ್ದು. ನೋಡಲು ಅಂಗೈ ಅಗಲದ ಅಣಬೆ. ಖುಷಿಯಾಗಿದ್ದಾಗ ಅದರ ತಲೆಯ ತುಂಬ ಎಳೆ ಎಳೆ ಬೆರಳು ಎದ್ದು ನೀರಿನಲ್ಲಿ ತೂಗಾಡುತ್ತವೆ. ಸಿಟ್ಟು ಬಂದರೆ ಎಲ್ಲವನ್ನೂ ಒಳಗೆಳೆದುಕೊಂಡು, ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ಬೋಳಾಗಿ ಕೂರುತ್ತದೆ.

"ನೀರಿನ ಫ್ಲೋ ಒಂದು ಸರಿಯಾಗಿ ನೋಡ್ಕೊಳ್ಳಿ," ಎಂದಿದ್ದರು ಡಾಕ್ಟರು. "ಅದಕ್ಕೆ ಊಟ ತರೋದೂ ಫ್ಲೋನೇ, ಕಸ ಗುಡಿಸೋದೂ ಫ್ಲೋನೇ. ನೇರ ಹೊಡೀಬಾರ್ದು. ಹಾಗಂತ ನಿಲ್ಲಲೂಬಾರ್ದು. ಬಂದು ಹೋಗಿ, ಬಂದು ಹೋಗಿ ಮಾಡ್ತಿರ್ಬೇಕು, ಸಮುದ್ರದ ಹಾಗೆ. ಸಮುದ್ರ ನೋಡಿದ್ದೀರಲ್ಲ?"

ಬಾಯ್ಬಿಡಪ್ಪ ತಲೆಯಾಡಿಸಿದ್ದ. ಅವನು ಸಮುದ್ರ ನೋಡಿರಲಿಲ್ಲ.

ನೋಡುವ ಕಾಲ ಹತ್ತಿರ ಬಂದಿತ್ತು. ಅವನ ಹೆಂಡತಿಯ ಅಕ್ಕನ ಮನೆ ಇರುವುದು ಸಮುದ್ರದ ದಡದಲ್ಲಿ, ಅಡುಗೆಮನೆ ಕಿಟಕಿಯಿಂದಲೇ ಅಲೆ ಕಾಣುತ್ತದಂತೆ. ಮದುವೆಯಾದಾಗಿನಿಂದ ಹೋಗೋಣ ಹೋಗೋಣ ಎನ್ನುತ್ತಲೇ ಇದ್ದರು. ಡಾಕ್ಟರು ರಜೆ ಕೊಟ್ಟಿರಲಿಲ್ಲ. ಟ್ಯಾಂಕು ಕಳಿಸುವಾಗ ಮಾತ್ರ, "ನನ್ನ ಹವಳ ಹೋದ ಹಾಗೇ ವಾಪಸ್ ಬರ್ಲಿ. ಮಾರನೇ ದಿನದಿಂದಲೇ ನಿಮಗೆ ರಜೆ," ಎಂದಿದ್ದರು. ಸೋಮವಾರ ಬೆಳಗಿನ ಬಸ್ಸಿಗೆ ಎರಡು ಟಿಕೆಟ್ ಬುಕ್ಕಾಗಿತ್ತು. ಬಾಗಿಲ ಪಕ್ಕ ಬ್ಯಾಗು ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡು ಕೂತಿತ್ತು.

ಬೋಳು ಹವಳವನ್ನು ನೋಡುತ್ತಾ ಅವನು ಬ್ರಷ್ಷನ್ನು ಬಾಯಲ್ಲೇ ಮರೆತ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಹೇಗಿದೆ ನಮ್ಮದು?" ಡಾಕ್ಟರ ದನಿ.

"ಚೆನ್ನಾಗಿದೆ ಸಾರ್."

"ಅರಳಿದೆಯಾ?"

"ಹೂವು ಸಾರ್. ಹೂವಿನ ಹಾಗೆ."

"ಐದು ಗಂಟೆಗೆ ವ್ಯಾನ್ ತರ್ತೀನಿ. ಪರದೆಗಳೂ ಸಿದ್ಧ ಇರ್ಲಿ ಅಂತ ಮನೆಯವರಿಗೆ ಹೇಳಿ."

ಕ್ಲಿನಿಕ್ಕಿನ ಹೊಸ ಪರದೆಗಳನ್ನು ಹೊಲಿಯುತ್ತಿದ್ದವಳು ಅವನ ಹೆಂಡತಿ. ಅವಳ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ ಮೊದಲು ಹಾಲಿನ ಕಿಟಕಿಯ ಹತ್ತಿರ, ಒಳ್ಳೆ ಬೆಳಕಿನಲ್ಲಿ ಇತ್ತು. ಟ್ಯಾಂಕು ಬಂದ ದಿನ ಅದು ಅಡುಗೆಮನೆಗೆ ಹೋಯಿತು. ಅಂದಿನಿಂದ ಅವಳು ಒಲೆಗೂ ಸಿಂಕಿಗೂ ನಡುವೆ ಕೂತು, ಒಂದು ಕಣ್ಣನ್ನು ಸೂಜಿಯ ಮೇಲೂ ಇನ್ನೊಂದನ್ನು ಹಾಲಿನ ಪಾತ್ರೆಯ ಮೇಲೂ ಇಟ್ಟು ಹೊಲಿಯುತ್ತಿದ್ದಳು. ಎರಡರಲ್ಲಿ ಒಂದಂತೂ ದಿನಾ ಕೈಕೊಡುತ್ತಿತ್ತು.

ಬಾಯ್ಬಿಡಪ್ಪ ಬಾಯಿ ತೊಳೆದುಕೊಂಡು ಕೆಲಸಕ್ಕಿಳಿದ. ಪಂಪಿನ ಕತ್ತು ಒಂದು ಗುಳಿಯಲ್ಲಿ ಕಣ್ಣುಗುಡ್ಡೆಯ ಹಾಗೆ ಬೇಕಾದ ಕಡೆ ತಿರುಗುತ್ತಿತ್ತು. ಮೊದಲು ಅದನ್ನು ನೇರ ಹವಳದ ಕಡೆ ತಿರುಗಿಸಿದ. ಹವಳ ಎದುರುಗಾಳಿಗೆ ಸಿಕ್ಕ ಕೊಡೆಯ ಹಾಗೆ ಹಿಂದಕ್ಕೆ ವಾಲಿ ಇನ್ನೂ ಬಿಗಿಯಾಯಿತು. ಹಿಂದಿನ ಮೂಲೆಗೆ ತಿರುಗಿಸಿದ. ಮೂಲೆಯಲ್ಲಿದ್ದ ಕಸವೆಲ್ಲ ಎದ್ದು ಬಂದು ಹವಳದ ಬೋಳುತಲೆಯ ಮೇಲೆ ಆರಾಮಾಗಿ ಕೂತಿತು. ಕೊನೆಗೆ ಅವನಿಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದ. ಸುತ್ತ ನೋಡಿ, ಟ್ಯಾಂಕಿನ ಮೇಲೆ ಬಗ್ಗಿ, ಮೆಲ್ಲಗೆ ಹೇಳಿದ:

"ಬಿಡಮ್ಮಾ... ಏನೂ ಆಗಲ್ಲ... ಸ್ವಲ್ಪ ಬಿಡಮ್ಮಾ..."

"ಯಾರ ಹತ್ರ ರೀ ಅದು ಮಾತು?" ಅಡುಗೆಮನೆಯಲ್ಲಿ ಮೆಷಿನ್ ನಿಂತಿತು.

"ಯಾರ ಹತ್ರಾನೂ ಇಲ್ಲ ಕಣೇ!"

"ಯಾರೂ ಇಲ್ದೆ ಇರೋರ ಹತ್ರ ಅಷ್ಟು ನಯವಾಗಿ ಮಾತಾಡ್ತೀರಿ, ನನ್ನ ಹತ್ರ ಒಂದಿನ ಆಡಿದ್ದು ನೆನಪಿಲ್ಲ," ಎಂದಳು ಅವಳು. ಮೆಷಿನ್ ಮತ್ತೆ ಕಟಕಟ ಹೊರಟಿತು.

ಬಾಗಿಲು ತೆರೆದಿಟ್ಟಿದ್ದು ಅವನ ಎರಡನೇ ತಪ್ಪು. ಎದುರುಮನೆಯ ಪಾರ್ಲರ್ ಅಕ್ಕ ತಲೆ ಹಾಕಿದಳು. ಅವಳು ಹೆಂಗಸರ ತಲೆಗೂದಲನ್ನು ತಿದ್ದಿ ತೀಡಿ ಬದುಕುವವಳು, ಎದುರು ಸಿಕ್ಕವರ ಮುಖ ನೋಡುವ ಮೊದಲು ನೆತ್ತಿ ನೋಡುವವಳು.

"ನಾಳೆ ಸಮುದ್ರಕ್ಕೆ ಹೊರಟ್ರಂತೆ? ಪುಣ್ಯವಂತರಪ್ಪಾ. ನನಗೂ ಸಮುದ್ರ ಅಂದ್ರೆ ಪ್ರಾಣ, ಕರ್ಕೊಂಡು ಹೋಗೋರಿಲ್ಲ ಅಷ್ಟೇ. ಇದ್ಯಾಕೆ ಇಂಥಾ ಮುಖ? ಅಯ್ಯೋ, ಇದಕ್ಕೇನಾಯ್ತು? ನಿನ್ನೆ ತಲೆ ತುಂಬ ಇತ್ತಲ್ಲ!"

ಬಾಯ್ಬಿಡಪ್ಪ ವಿಷಯ ಹೇಳಿದ. ಅವನು ಬೇರೆಯವರ ಬಾಯಿ ಬಿಡಿಸುವುದರಲ್ಲಿ ಎಷ್ಟು ಗಟ್ಟಿಗನೋ, ತನ್ನ ಬಾಯಲ್ಲಿ 'ಬೇಡ' ಎನ್ನುವ ಮಾತು ಹೊರಡಿಸುವುದರಲ್ಲಿ ಅಷ್ಟೇ ಸೋತವನು.

"ಇಷ್ಟೇನಾ? ನೀವು ಮೇಲಿಂದ ಹೊಡೀತಿದ್ದೀರಿ ಅಣ್ಣಾ. ಮೇಲಿಂದ ಗಾಳಿ ಬಿಟ್ರೆ ಯಾವ ಕೂದಲೂ ಚಪ್ಪಟೆಯಾಗಿ ಮಲಗತ್ತೆ. ಬುಡದಿಂದ ಬಿಡ್ಬೇಕು, ಬುಡದಿಂದ. ಆಗ ವಾಲ್ಯೂಮ್ ಬರತ್ತೆ. ಸರೀರಿ ಆ ಕಡೆ."

ಬಳೆ ಮೇಲಕ್ಕೇರಿಸಿ ಕೈಯಿಳಿಸಿದಳು. ಪಂಪನ್ನು ಗಾಜಿನ ಮೇಲೇ ಜಾರಿಸಿ ತಳಕ್ಕೆ ತಂದು, ಮೂತಿ ಮೇಲಕ್ಕೆತ್ತಿ ಬಿಟ್ಟಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ತಳದ ಬಿಳಿ ಮರಳೆಲ್ಲ ಬುಸ್ಸೆಂದು ಎದ್ದಿತು. ಟ್ಯಾಂಕು ಅಕ್ಕಿ ತೊಳೆದ ನೀರಿನ ಪಾತ್ರೆಯಂತಾಯಿತು. ಹವಳ ಕಾಣಲಿಲ್ಲ. ಮೀನು ಆಗಾಗ ಗಾಜಿನ ಹತ್ತಿರ ಬಂದು, ತನ್ನ ಸೊಟ್ಟಮೂತಿ ತೋರಿಸಿ, ಮತ್ತೆ ಬಿಳುಪಿನಲ್ಲಿ ಕರಗಿಹೋಗುತ್ತಿತ್ತು.

"ಶುರುವಿನಲ್ಲಿ ಹೀಗೇ ಇರತ್ತೆ," ಎಂದಳು ಪಾರ್ಲರ್ ಅಕ್ಕ. ಅವಳ ಅಂಗಡಿಯಲ್ಲಿ ಈ ಮಾತು ಕೇಳಿದವರು ಆಮೇಲೆ ಬಹಳ ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದುಂಟು.

ಗದ್ದಲ ಕೇಳಿ ಮೇಲ್ಮನೆಯ ಟ್ರಾಫಿಕ್ ಪೊಲೀಸು ಇಳಿದುಬಂದ. ಅವನಿಗೂ ಭಾನುವಾರದ ರಜೆ. ಮೈಮೇಲೆ ಬನಿಯನ್ನು, ಸೊಂಟಕ್ಕೆ ಲುಂಗಿ, ಕೊರಳಲ್ಲಿ ಮಾತ್ರ ಅಭ್ಯಾಸಬಲದಿಂದ ಸೀಟಿ. ಟ್ಯಾಂಕಿನ ಮುಂದೆ ಕಾಲಗಲಿಸಿ ನಿಂತು, ಕೈ ಹಿಂದೆ ಕಟ್ಟಿ, ಒಳಗಿನ ಪರಿಸ್ಥಿತಿಯನ್ನು ಪರಿಶೀಲಿಸಿದ.

"ಯಾರು ಇದನ್ನ ಹೀಗೆ ಮಾಡಿದ್ದು?"

ಪಾರ್ಲರ್ ಅಕ್ಕ ಬಾಯ್ಬಿಡಪ್ಪನ ಕಡೆ ನೋಡಿದಳು. ಬಾಯ್ಬಿಡಪ್ಪ ಮೀನಿನ ಕಡೆ ನೋಡಿದ.

"ನೋಡಿ, ಇಲ್ಲಿಂದ ಬರೋ ನೀರು ಅಲ್ಲಿಂದ ಬರೋ ನೀರಿಗೆ ಎದುರಾಎದುರು ಡಿಕ್ಕಿ ಹೊಡೀತಾ ಇದೆ. ಡಿಕ್ಕಿ ಆದ ಜಾಗದಲ್ಲಿ ಜಾಮ್ ಆಗ್ದೆ ಇನ್ನೇನಾಗತ್ತೆ? ಇಷ್ಟು ಚಿಕ್ಕ ಜಾಗದಲ್ಲಿ ಎರಡೂ ಕಡೆ ಬಿಟ್ರೆ ನಡೆಯಲ್ಲ ಬಾಯ್ಬಿಡಪ್ಪನೋರೇ. ಒನ್ ವೇ ಮಾಡ್ಬೇಕು."

"ಡಾಕ್ಟರು ಬಂದು ಹೋಗಿ, ಬಂದು ಹೋಗಿ ಇರ್ಬೇಕು ಅಂದಿದ್ರು..." ಬಾಯ್ಬಿಡಪ್ಪ ಗೊಣಗಿದ.

"ಡಾಕ್ಟರು ಹಲ್ಲು ನೋಡ್ಕೊಳ್ಲಿ. ಹಲ್ಲು ಎಲ್ಲಾದ್ರೂ ಓಡಾಡತ್ತಾ? ಓಡಾಡೋ ವಿಷ್ಯ ನನಗೆ ಬಿಡಿ."

ಪಂಪನ್ನು ಮೇಲಕ್ಕೆ ತಂದು, ನೀರು ಗಾಜಿನ ಗೋಡೆ ಹಿಡಿದು ಸುತ್ತು ಹೊಡೆಯುವಂತೆ ತಿರುಗಿಸಿದ. ವೇಗದ ಗುಂಡಿಯನ್ನು ಕೊನೆಯವರೆಗೆ ತಿರುವಿದ. ನೀರು ಹೊರಟಿತು. ನಿಜಕ್ಕೂ ಒಂದೇ ದಿಕ್ಕಿಗೆ ಹೊರಟಿತು. ಮರಳು, ಕಸ, ಕಿತ್ತುಬಂದ ಪಾಚಿ ಎಲ್ಲವೂ ಶಿಸ್ತಾಗಿ ಎಡಬದಿ ಹಿಡಿದು ಓಡತೊಡಗಿದವು. ಮೀನು ದೊಡ್ಡ ವೃತ್ತಕ್ಕೆ ನುಗ್ಗಿದ ಹೊಸ ಸ್ಕೂಟರ್ ಸವಾರನ ಹಾಗೆ, ಯಾವ ದಾರಿಗೆ ಇಳಿಯಬೇಕೆಂದು ತಿಳಿಯದೆ ಸುತ್ತಿಯೇ ಸುತ್ತಿತು. ಟ್ರಾಫಿಕ್ಕಿನವನು ಕೈ ಬೀಸಿ ಅದಕ್ಕೆ ದಾರಿ ತೋರಿಸಿದ. ಅದು ಕೇಳಲಿಲ್ಲ. ಅವನು ಸೀಟಿ ಊದಿದ.

"ಹವಳ ನೋಡಿ, ಹವಳ!" ಎಂದಳು ಪಾರ್ಲರ್ ಅಕ್ಕ. ಹವಳ ತನ್ನ ಬುಡದ ಕಲ್ಲಿನ ಮೇಲೆ ತಿರುಚಿಕೊಂಡು, ಹಿಂಡಿಟ್ಟ ಒದ್ದೆ ಬಟ್ಟೆಯಂತಾಗಿತ್ತು.

"ಒಂಚೂರು ಆ್ಯಂಗಲ್ ಬದಲಾಯಿಸಿದ್ರೆ ಆಯ್ತು," ಎಂದು ಟ್ರಾಫಿಕ್ಕಿನವನು ಪಂಪಿನ ಕತ್ತನ್ನು ಹಿಡಿದು ಬಲವಾಗಿ ತಿರುವಿದ.

ಟಕ್ ಎಂದಿತು.

ಪಂಪಿನ ಕತ್ತು ಸಡಿಲವಾಗಿ, ಮೂತಿ ತಾನಾಗಿ ಮೇಲೆದ್ದಿತು. ನೀರು ಚಾವಣಿಯ ಕಡೆ ಹಾರಿತು. ಮೊದಲು ಟ್ರಾಫಿಕ್ಕಿನವನ ಮುಖಕ್ಕೆ, ಆಮೇಲೆ ಪಾರ್ಲರ್ ಅಕ್ಕನ ಆಗಷ್ಟೇ ನೇರ ಮಾಡಿಸಿಕೊಂಡಿದ್ದ ಕೂದಲಿಗೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ, ನೆಲದಿಂದ ಸದ್ದಿಲ್ಲದೆ ಅಡುಗೆಮನೆಗೆ. ಬಾಯ್ಬಿಡಪ್ಪ ಸ್ವಿಚ್ಚು ಆರಿಸುವಷ್ಟರಲ್ಲಿ ಒಳಗಿಂದ ಹೆಂಡತಿಯ ಕೂಗು ಬಂತು.

"ರೀ! ಕಾಲ ಕೆಳಗೆ ಏನ್ರೀ ಇದು, ಹೊಳೆ?"

ಅದಕ್ಕೆ ಉತ್ತರ ಕೊಡುವ ಮೊದಲೇ ನೆಲದಡಿಯಿಂದ ಧಡಧಡ ಸದ್ದು. ಕೆಳಮನೆಯ ಅಜ್ಜಿ ಕೋಲಿನಿಂದ ತನ್ನ ಚಾವಣಿ ಕುಟ್ಟುತ್ತಿದ್ದಳು. ಆಮೇಲೆ ಸದ್ದು ನಿಂತಿತು. ಅದು ಇನ್ನೂ ಕೆಟ್ಟ ಸೂಚನೆ. ಅಜ್ಜಿ ಮೆಟ್ಟಿಲು ಹತ್ತುತ್ತಿದ್ದಾಳೆ ಎಂದರ್ಥ.

"ಯಾರಪ್ಪಾ ನನ್ನ ಹಾಸಿಗೆ ಮೇಲೆ ಉಪ್ಪುನೀರು ಸುರೀತಿರೋದು?" ಬಾಗಿಲಲ್ಲಿ ನಿಂತು ಕೇಳಿದಳು ಅಜ್ಜಿ. "ನಾಲಿಗೆಗೆ ಹಚ್ಚಿ ನೋಡ್ದೆ. ಉಪ್ಪು. ಮನುಷ್ಯರು ಮನೇಲಿ ಸಮುದ್ರ ಕಟ್ಕೋತಾರಾ?"

"ಕ್ಷಮಿಸಿ ಅಜ್ಜಿ, ಹವಳಕ್ಕೆ ಹುಷಾರಿಲ್ಲ," ಎಂದ ಬಾಯ್ಬಿಡಪ್ಪ.

ಅಜ್ಜಿಯ ಮುಖ ತಕ್ಷಣ ಬದಲಾಯಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು ಅವಳು. ಹುಷಾರಿಲ್ಲದವರು ಎಂದರೆ ಹಾಸಿಗೆ ಒದ್ದೆಯಾದದ್ದನ್ನೂ ಮರೆಯುವಷ್ಟು ಆಸೆ. ಎಲ್ಲರನ್ನೂ ಕೋಲಿನಿಂದ ಸರಿಸಿ ಟ್ಯಾಂಕಿನ ಹತ್ತಿರ ಬಂದಳು.

"ಎಷ್ಟು ಜನ ಸುತ್ತ ನಿಂತಿದ್ದೀರಿ, ಗಾಳಿ ಬಿಡಿ. ಬೆಳಿಗ್ಗೆಯಿಂದ ಇದನ್ನ ಎತ್ತಿ, ಇಳಿಸಿ, ಉರುಳಿಸಿ ಮಾಡಿದ್ದೀರಿ. ನಿಮ್ಮನ್ನ ಹಾಗೆ ಮಾಡಿದ್ರೆ ನೀವು ಅರಳ್ತಿದ್ರಾ? ಪಂಪೂ ಬೇಡ, ಗಿಂಪೂ ಬೇಡ. ದೀಪ ಆರಿಸಿ. ಮಲಗಲಿ."

ಪಂಪು ಹೇಗೂ ಆರಿತ್ತು. ದೀಪವನ್ನೂ ಆರಿಸಿದರು. ನೆಲ ಒರೆಸಿದರು. ಬೆಳಿಗ್ಗೆ ಬ್ರಷ್ಷಿನ ಜೊತೆ ತಿಂಡಿ ಮರೆತುಹೋಗಿತ್ತು, ಈಗ ಊಟವೂ ಮರೆತುಹೋಯಿತು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಸರಿಯುತ್ತಾ ಹೋಯಿತು. ಮರಳು ನಿಧಾನವಾಗಿ ತಳ ಸೇರಿ ನೀರು ತಿಳಿಯಾದಾಗ ನಾಲ್ವರೂ ಬಗ್ಗಿ ನೋಡಿದರು.

ಹವಳದ ಮೈಯಿಂದ ತೆಳ್ಳನೆಯ ಮಾಸಲು ಪೊರೆಯೊಂದು ಎದ್ದು, ಒದ್ದೆ ಕಾಗದದ ಹಾಗೆ ಅರ್ಧ ಅಂಟಿಕೊಂಡು ಅರ್ಧ ಜೋತಾಡುತ್ತಿತ್ತು.

ಅಜ್ಜಿ ತುಂಬ ಹೊತ್ತು ನೋಡಿದಳು. ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡಳು. "ಮೈ ಬಿಡ್ತಾ ಇದೆ," ಎಂದಳು. "ಹೋಯ್ತು ಕಣಪ್ಪಾ."

ಪಾರ್ಲರ್ ಅಕ್ಕ ಒದ್ದೆ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಟ್ರಾಫಿಕ್ಕಿನವನು ಕೊರಳಿನ ಸೀಟಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನು ಬುಡದಿಂದ ಬಿಟ್ಟಾಗ ಜೀವ ಇತ್ತು," ಎಂದಳು ಪಾರ್ಲರ್ ಅಕ್ಕ ಮೆಲ್ಲಗೆ.

"ನನ್ನ ಒನ್ ವೇಲೂ ಇತ್ತು," ಎಂದ ಟ್ರಾಫಿಕ್ಕಿನವನು.

ಬಾಯ್ಬಿಡಪ್ಪ ಬಾಗಿಲ ಪಕ್ಕದ ಬ್ಯಾಗನ್ನು ನೋಡಿದ. ಅದರ ಮೇಲುಗಡೆಯೇ ಅವನ ಹೊಸ ಚಡ್ಡಿ ಇತ್ತು, ನೀರಿಗಿಳಿಯಲೆಂದು ಕೊಂಡದ್ದು, ಮೊಣಕಾಲವರೆಗಿನದು, ನೀಲಿ. 'ಸಾರ್, ಹವಳ...' ಎಂದು ಮನಸ್ಸಿನಲ್ಲೇ ಶುರುಮಾಡಿದ. 'ಸಾರ್, ಹೂವು ಉದುರಿದ ಹಾಗೆ...' ಎಂದು ಇನ್ನೊಮ್ಮೆ ಶುರುಮಾಡಿದ. ಅದು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು.

ಆಗ ಅಡುಗೆಮನೆಯಿಂದ ಗರಗರ ಸದ್ದು ಮಾಡುತ್ತಾ ಮೆಷಿನ್ ಬಂತು. ಹಿಂದಿನಿಂದ ನೂಕುತ್ತಾ ಹೆಂಡತಿ ಬಂದಳು. ಸೀರೆಯ ಅಂಚು ಒದ್ದೆ, ಹೆಗಲ ಮೇಲೆ ಪರದೆಯ ರಾಶಿ.

"ಸರೀರಿ ಎಲ್ರೂ. ಅಲ್ಲಿ ಕಾಲಿಡೋಕೆ ಒಣ ಜಾಗ ಇಲ್ಲ. ಡಾಕ್ಟರು ಬರೋದ್ರೊಳಗೆ ಎರಡು ಪರದೆ ಮುಗೀಬೇಕು."

"ಸ್ವಲ್ಪ ಸುಮ್ನಿರೇ," ಎಂದ ಬಾಯ್ಬಿಡಪ್ಪ. "ಇಲ್ಲಿ ಒಂದು ಸಾವಾಗಿದೆ."

"ಸತ್ತಿದ್ದಕ್ಕೆ ನೀವು ನಾಲ್ಕು ಜನ ಇದ್ದೀರಲ್ಲ, ಸಾಕು. ಬದುಕಿರೋ ಆ ಮೀನಿಗಾದ್ರೂ ನೀರು ಓಡಾಡೋದು ಬೇಡ್ವಾ? ಪಂಪು ಹಾಕಿ, ವೇಗ ಕಡಿಮೆ ಮಾಡಿ. ದೀಪಾನೂ ಹಾಕಿ, ನನಗೆ ಸೂಜಿ ಕಾಣಲ್ಲ."

ಬಾಯ್ಬಿಡಪ್ಪ ಪಂಪಿನ ಮೂತಿಯನ್ನು ನೀರೊಳಗೆ ಬಗ್ಗಿಸಿ, ವೇಗ ತಗ್ಗಿಸಿ, ಎರಡೂ ಸ್ವಿಚ್ಚು ಹಾಕಿದ. ತನ್ನ ಹಳೆಯ ಜಾಗದಲ್ಲಿ ಟ್ಯಾಂಕಿದ್ದುದರಿಂದ, ಅವಳು ಅದರ ಪಕ್ಕಕ್ಕೇ ಮೆಷಿನ್ ನೂಕಿದಳು. ಮೆಷಿನ್ನಿನ ಕಬ್ಬಿಣದ ಕಾಲು ಸ್ಟ್ಯಾಂಡಿನ ಕಬ್ಬಿಣಕ್ಕೆ ಠಣ್ ಎಂದು ತಾಗಿತು. ಅವಳು ಅದನ್ನು ಇನ್ನೊಂದಿಷ್ಟು ಒತ್ತಿಯೇ ಕೂತಳು. ದಾರ ಪೋಣಿಸಿದಳು. ತುಳಿಯತೊಡಗಿದಳು. ಕಟಕಟ ಕಟಕಟ.

ಉಳಿದವರು ಗೋಡೆಗೊರಗಿ ಸಾಲಾಗಿ ನೆಲದ ಮೇಲೆ ಕೂತರು. ಡಾಕ್ಟರಿಗೆ ಏನು ಹೇಳುವುದೆಂಬ ಚರ್ಚೆ ಶುರುವಾಯಿತು. ಹುಟ್ಟಿನಿಂದಲೇ ಅದಕ್ಕೆ ಹೃದಯ ಸರಿಯಿರಲಿಲ್ಲವೆಂದು ಹೇಳೋಣ ಎಂದಳು ಅಜ್ಜಿ. ಅಪರಿಚಿತ ವಾಹನ ಡಿಕ್ಕಿ ಎಂದು ಬರೆಸಬಹುದು ಎಂದು ಟ್ರಾಫಿಕ್ಕಿನವನ ಬಾಯಿಗೆ ಬಂದು, ಅವನೇ ನುಂಗಿಕೊಂಡ. ಬಾಯ್ಬಿಡಪ್ಪ ಕೇಳುತ್ತಿರಲಿಲ್ಲ. ಅವನ ಕಣ್ಣು ಟ್ಯಾಂಕಿನ ಮೇಲಿತ್ತು.

ಹವಳದ ಮೇಲಿನ ಮಾಸಲು ಪೊರೆ ಮೆಲ್ಲಗೆ ಅಲುಗಿತು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಆಮೇಲೆ ಹಗುರವಾಗಿ ಕಳಚಿ ತೇಲಿಹೋಯಿತು. ಅದರಡಿಯಲ್ಲಿ ಹವಳ ಹೊಸ ಸೋಪಿನ ಹಾಗೆ ನಯವಾಗಿತ್ತು. ನೋಡುತ್ತಿದ್ದಂತೆಯೇ ಅದರ ನೆತ್ತಿಯಲ್ಲಿ ಒಂದು ಪುಟ್ಟ ಬೆರಳು ಎದ್ದಿತು. ಪಕ್ಕದಲ್ಲಿ ಇನ್ನೊಂದು.

ಬಾಯ್ಬಿಡಪ್ಪ ಉಸಿರು ಬಿಡಲಿಲ್ಲ. ಹೇಳಿದರೆ ಎಲ್ಲಿ ವಾಪಸ್ ಹೋಗಿಬಿಡುತ್ತದೋ ಎಂಬ ಭಯ. ಕಡೆಗೆ ಅಜ್ಜಿಯ ಸೆರಗು ಜಗ್ಗಿ ಬೆರಳು ತೋರಿಸಿದ.

ಹವಳ ಅರಳುತ್ತಿತ್ತು. ಸಾವಿರ ಎಳೆ ಬೆರಳು ಒಟ್ಟಿಗೆ ಎದ್ದು, ಅತ್ತ ತೂಗಿ ಇತ್ತ ತೂಗಿ, ಯಾರನ್ನೋ ಕೈಬೀಸಿ ಕರೆಯುತ್ತಿರುವಂತಿತ್ತು. ಸೊಟ್ಟಮೂತಿ ಮೀನು ಅದರೊಳಗೆ ಮೈ ಹುದುಗಿಸಿ, ಬೆಳಗಿನಿಂದ ಮೊದಲ ಸಲ ಒಂದು ಕಡೆ ನಿಂತಿತು.

"ನಾನು ಹೇಳಿರ್ಲಿಲ್ವಾ, ಮಲಗಿದ್ರೆ ಸರಿಹೋಗತ್ತೆ ಅಂತ?" ಎಂದಳು ಅಜ್ಜಿ.

"ವಾಲ್ಯೂಮ್ ನೋಡಿ ಅಜ್ಜಿ, ವಾಲ್ಯೂಮ್! ಬುಡದಿಂದ ಬಿಟ್ಟಿದ್ದು ಈಗ ಕೆಲ್ಸ ಮಾಡ್ತಿದೆ," ಎಂದಳು ಪಾರ್ಲರ್ ಅಕ್ಕ.

"ಒಂದು ಸಲ ಜಾಮ್ ಕ್ಲಿಯರ್ ಆದ್ರೆ ಹೀಗೇ," ಎಂದು ಟ್ರಾಫಿಕ್ಕಿನವನು ಸೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡ.

ಮೂವರಿಗೂ ಬಾಯ್ಬಿಡಪ್ಪ ಕೈಮುಗಿದ. ಯಾರಿಂದ ಆದರೇನು, ಅವನ ಕಿವಿಯಲ್ಲಿ ಆಗಲೇ ಸೋಮವಾರದ ಬಸ್ಸಿನ ಹಾರ್ನು ಕೇಳುತ್ತಿತ್ತು.

ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಚಪ್ಪಲಿ ಬಿಡುವುದನ್ನೂ ಮರೆತು ಟ್ಯಾಂಕಿನ ಮುಂದೆ ಮಂಡಿಯೂರಿದರು.

"ಅಯ್ಯಯ್ಯೋ, ಬಾಯ್ಬಿಡಪ್ಪಾ! ಏನ್ ಮಾಡಿದ್ದೀರಿ ಇದಕ್ಕೆ?"

"ಸಾರ್, ನಾನಲ್ಲ ಸಾರ್..."

"ನಮ್ಮ ಕ್ಲಿನಿಕ್ಕಲ್ಲಿ ಇದು ಅರ್ಧದ ಮೇಲೆ ಅರಳಿದ್ದೇ ಇಲ್ಲ! ಇಷ್ಟು ಉದ್ದದ ಬೆರಳು ನಾನು ನೋಡ್ತಿರೋದು ಇವತ್ತೇ. ಫ್ಲೋ ಹೇಗೆ ಸೆಟ್ ಮಾಡಿದ್ರಿ?"

ಮೂರು ಬಾಯಿಗಳು ಒಟ್ಟಿಗೆ ತೆರೆದವು. ಡಾಕ್ಟರು ಕೈಯೆತ್ತಿ ಮೂರನ್ನೂ ಮುಚ್ಚಿಸಿದರು. ಬಾಯಿ ಮುಚ್ಚಿಸುವುದು ಅವರ ವಿದ್ಯೆ. ಅಷ್ಟರಲ್ಲಿ ಮೂಲೆಯಲ್ಲಿ ಕಟಕಟ ನಿಂತಿತು. ದಾರ ಮುಗಿದು ಹೆಂಡತಿ ಬಾಬಿನ್ ಬದಲಾಯಿಸುತ್ತಿದ್ದಳು. ಡಾಕ್ಟರು ಹುಬ್ಬು ಗಂಟಿಕ್ಕಿದರು. ಹವಳದ ಬೆರಳುಗಳೆಲ್ಲ ಒಂದೇ ಕಡೆಗೆ ಬಾಗಿ ನಿಂತಿದ್ದವು.

ಅವಳು ಮತ್ತೆ ತುಳಿದಳು. ಬೆರಳುಗಳು ಮತ್ತೆ ತೂಗಾಡಿದವು.

ಡಾಕ್ಟರು ತೋರುಬೆರಳನ್ನು ಗಾಜಿನ ಮೇಲೆ, ನೋವಿರುವ ಹಲ್ಲಿನ ಮೇಲೆ ಇಡುವಂತೆ ಹಗುರವಾಗಿ ಇಟ್ಟರು. ಕಣ್ಣು ಮುಚ್ಚಿಕೊಂಡರು.

"ಅಲ್ಲಾಡ್ತಿದೆ," ಎಂದರು. ಊರಿನ ಎಷ್ಟೋ ಜನರ ಎದೆ ನಡುಗಿಸಿದ್ದ ಮಾತು ಅದು. ಬಾಯ್ಬಿಡಪ್ಪನದೂ ನಡುಗಿತು.

"ಒಂದು ನಿಮಿಷ ನಿಲ್ಲಿಸಮ್ಮ," ಎಂದರು. ಅವಳು ನಿಲ್ಲಿಸಿದಳು. "ಈಗ ತುಳಿಯಮ್ಮ." ತುಳಿದಳು. "ನಿಲ್ಸು." ನಿಲ್ಲಿಸಿದಳು. ಆಗ ಎಲ್ಲರಿಗೂ ಕಂಡಿತು. ಅವಳು ತುಳಿದಾಗ ಮೆಷಿನ್ ಅಲುಗುತ್ತದೆ. ಅದು ಅಲುಗಿದರೆ ಸ್ಟ್ಯಾಂಡು ಅಲುಗುತ್ತದೆ. ಸ್ಟ್ಯಾಂಡು ಅಲುಗಿದರೆ, ಕತ್ತು ಸಡಿಲವಾದ ಪಂಪು ಗಾಜಿನ ಮೇಲೆ ಕೂತು 'ಇಲ್ಲ ಇಲ್ಲ' ಎಂಬಂತೆ ಆ ಕಡೆ ಈ ಕಡೆ ತಲೆಯಾಡಿಸುತ್ತದೆ. ನೀರು ಒಮ್ಮೆ ಗಾಜಿಗೆ ಬಡಿದು ಮರಳುತ್ತದೆ, ಇನ್ನೊಮ್ಮೆ ಕಲ್ಲಿಗೆ ಬಡಿದು ಮರಳುತ್ತದೆ.

"ಬಂದು ಹೋಗಿ, ಬಂದು ಹೋಗಿ," ಎಂದರು ಡಾಕ್ಟರು. ಅವರ ಕಣ್ಣಲ್ಲಿ ನೀರಿತ್ತು. "ಸಮುದ್ರ! ಅಪ್ಪಟ ಸಮುದ್ರ!" ಎದ್ದು ನಿಂತು ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ಈ ಮೆಷಿನ್ನನ್ನೂ ಕ್ಲಿನಿಕ್ಕಿಗೆ ತಗೊಂಡು ಹೋಗ್ಲಾ?"

"ನನ್ನ ಅಮ್ಮ ಕೊಟ್ಟ ಮೆಷಿನ್ ಅದು," ಎಂದಳು ಅವಳು. "ಬೇಕಾದ್ರೆ ಇವರನ್ನ ತಗೊಂಡು ಹೋಗಿ."

ಡಾಕ್ಟರು ಟ್ಯಾಂಕನ್ನೂ ಮೆಷಿನ್ನನ್ನೂ ಬಾಯ್ಬಿಡಪ್ಪನನ್ನೂ ಸರದಿಯ ಮೇಲೆ ನೋಡಿದರು. "ಹಾಗಾದ್ರೆ ಇದು ಇಲ್ಲೇ ಇರ್ಲಿ. ಈಗ ಒಂದು ಬೆರಳಷ್ಟು ಜರುಗಿಸಿದ್ರೂ ಈ ಫ್ಲೋ ಮತ್ತೆ ಸಿಗಲ್ಲ."

"ಸಾರ್," ಎಂದ ಬಾಯ್ಬಿಡಪ್ಪ. "ನಾಳೆ ನಾವಿಬ್ರೂ ಊರಿಗೆ... ರಜೆ ಕೊಡ್ತೀನಿ ಅಂದಿದ್ರಿ..."

"ಕೊಡ್ತೀನಿ ಅಂದ್ಮೇಲೆ ಕೊಡ್ದೆ ಇರ್ತೀನಾ? ಒಂದು ವಾರ ಕೇಳಿದ್ರಿ, ಎರಡು ವಾರ ತಗೊಳ್ಳಿ! ಕ್ಲಿನಿಕ್ ಕಡೆ ತಲೆ ಹಾಕ್ಬೇಡಿ. ಆರಾಮಾಗಿ ಮನೇಲಿರಿ, ತುಳೀರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಜೋರಾಗಿ ಬೇಡ. ಒಂದೇ ಸಮ, ಮೆಲ್ಲಗೆ."

"ಆಮೇಲೆ ತಗೊಂಡು ಹೋಗ್ತೀರಾ ಸಾರ್?"

"ನೋಡೋಣ," ಎಂದರು ಡಾಕ್ಟರು. ಆ 'ನೋಡೋಣ'ವನ್ನು ಬಾಯ್ಬಿಡಪ್ಪ ವರ್ಷಗಟ್ಟಲೆ ಕೇಳಿದ್ದ. ಅದನ್ನು ಕೇಳಿಸಿಕೊಂಡ ಯಾವ ಹಲ್ಲೂ ಒಂದೇ ಭೇಟಿಗೆ ಬಿಡುಗಡೆಯಾಗಿರಲಿಲ್ಲ.

ಪರದೆಗಳನ್ನು ಕಂಕುಳಲ್ಲಿ ಹಿಡಿದು ಡಾಕ್ಟರು ಹೋದರು. ಖಾಲಿ ವ್ಯಾನು ಕೆಳಗೆ ಗುರ್ ಎಂದು ಹೊರಟಿತು.

"ನಾನೂ ಹೋಗಲ್ಲ ಬಿಡಿ," ಎಂದಳು ಹೆಂಡತಿ. ಅವಳ ಕೈ ಮಾತ್ರ ಬ್ಯಾಗಿನ ಹಿಡಿಕೆಯ ಮೇಲಿತ್ತು.

ಬೇಡ ಎನ್ನಲು ಬಾರದವನು ಇಲ್ಲಿಯೂ ಅದನ್ನು ಹೇಳಲಾರದೆ ಹೋದ. "ಹೋಗು, ಹೋಗಿ ಬಾ. ನಿಮ್ಮಕ್ಕ ಕಾಯ್ತಿರ್ತಾಳೆ."

"ಅಷ್ಟು ಹೇಳ್ತೀರಿ ಅಂದ್ಮೇಲೆ... ಆದ್ರೆ ಒಂದು ಟಿಕೆಟ್ ಸುಮ್ನೆ ಹಾಳಾಗತ್ತಲ್ಲಾ."

"ಅಯ್ಯೋ, ಹಾಳ್ಯಾಕೆ ಮಾಡ್ತೀರಿ?" ಎಂದಳು ಪಾರ್ಲರ್ ಅಕ್ಕ. ಅವಳು ಬಟ್ಟೆ ತರಲು ಎದುರುಮನೆಗೆ ಓಡಿದ ವೇಗಕ್ಕೆ ಬಾಗಿಲು ತಾನಾಗಿ ಬಡಿದುಕೊಂಡಿತು. ಬ್ಯಾಗಿನಲ್ಲಿ ಜಾಗ ಮಾಡಲು ಹೆಂಡತಿ ಮೊದಲು ತೆಗೆದದ್ದೇ ಆ ನೀಲಿ ಚಡ್ಡಿಯನ್ನು.

ಬಾಯ್ಬಿಡಪ್ಪ ಮೆಷಿನ್ನಿನ ಮುಂದೆ ಕೂತು, ಪೆಡಲಿನ ಮೇಲೆ ಕಾಲಿಟ್ಟ. ಚಕ್ರ ಮೊದಲು ಹಿಂದಕ್ಕೆ ತಿರುಗಿತು, ಆಮೇಲೆ ಮುಂದಕ್ಕೆ. "ಸ್ಪೀಡು ಜಾಸ್ತಿ, ಸ್ಪೀಡು ಜಾಸ್ತಿ!" ಎಂದು ಟ್ರಾಫಿಕ್ಕಿನವನು ಅಂಗೈ ತೋರಿಸಿದ. ವೇಗ ಸರಿಯಾದ ಬಳಿಕ ಮೇಲ್ಮನೆಗೆ ಹೋಗಿ, ಕೆಳಗಂಚು ಬಿಚ್ಚಿದ್ದ ತನ್ನ ಸಮವಸ್ತ್ರದ ಪ್ಯಾಂಟು ತಂದು ಮೆಷಿನ್ನಿನ ಮೇಲಿಟ್ಟ. "ಹೇಗೂ ತುಳೀತಿರ್ತೀರಲ್ಲ, ಸುಮ್ನೆ ಯಾಕೆ ಖಾಲಿ ತುಳೀಬೇಕು?" ಅಜ್ಜಿ ಒದ್ದೆಯಾದ ಹಾಸಿಗೆಯ ಹೊದಿಕೆಯನ್ನೂ ಆರು ದಿಂಬಿನ ಚೀಲವನ್ನೂ ತಂದಳು. ಒದ್ದೆಯಾಗಿದ್ದು ಒಂದು ಹೊದಿಕೆ ಮಾತ್ರ, ದಿಂಬಿನ ಚೀಲ ಹರಿದು ವರ್ಷವಾಗಿತ್ತು.

ಕಟಕಟ ಕಟಕಟ. ಪಕ್ಕದಲ್ಲಿ ಹವಳ ಸಾವಿರ ಬೆರಳು ಬೀಸಿ ತೂಗಾಡುತ್ತಿತ್ತು. ಅದರ ನಡುವಿನಿಂದ ಸೊಟ್ಟಮೂತಿಯ ಮೀನು ಹೊರಬಂದು, ಗಾಜಿಗೆ ಮೂತಿಯೊತ್ತಿ ನಿಂತು, ಹೊರಗೆ ಕೂತಿದ್ದ ಪ್ರಾಣಿಗೆ ಅಲ್ಲಿಯ ಫ್ಲೋ ಒಗ್ಗಿತೋ ಇಲ್ಲವೋ ಎಂದು ಬಹಳ ಹೊತ್ತು ಗಮನಿಸಿತು.